ಸಿಕ್ಕಿಕೊಂಡ ಮುಂದಿನ ಹಾಯಿ

ಟೈಲರಮ್ಮನಿಗೆ ಮೂವತ್ತೆರಡು ವರ್ಷಗಳಿಂದ ಒಬ್ಬಳು ಸವತಿಯಿದ್ದಳು: ಗಂಡನ ಹಾಯಿದೋಣಿ. ಹರಿದ ಹಾಯಿಗೆ ತೇಪೆ ಹಾಕುವುದು ಇವಳೇ, ಆದರೆ ದೋಣಿಯ ಒಂದು ಹಗ್ಗ ಮುಟ್ಟಲೂ ಅಪ್ಪಣೆಯಿರಲಿಲ್ಲ. ಓಣಿಯವರು ಕಪ್ತಾನ ಎಂದು ಕರೆಯುವ ಆ ಮಹಾರಾಯನಿಗೆ ಕೋಪ ಮೂಗಿನ ತುದಿಯಲ್ಲೇ.

ಹೋದ ವರ್ಷ ಪಾರ್ಶ್ವವಾಯು ಬಡಿದು ಕಪ್ತಾನನ ಎಡಗೈ ಬಿದ್ದುಹೋಯಿತು. ಆಗ ಮುಂದಿನ ಹಾಯಿಗೆ ಸುತ್ತುವ ಯಂತ್ರ ಹಾಕಿಸಿಕೊಂಡ. ಹಾಯಿಯ ಬುಡದಲ್ಲೊಂದು ಉರುಳೆ, ಅದಕ್ಕೆ ಸುತ್ತಿದ ಹಗ್ಗ; ಹಿಂದೆ ಕೂತು ಆ ಹಗ್ಗ ಎಳೆದರೆ ಉರುಳೆ ತಿರುಗಿ ಹಾಯಿ ಚಾಪೆಯಂತೆ ಸುತ್ತಿಕೊಳ್ಳುತ್ತದೆ. "ಒಂದೇ ಕೈ ಸಾಕು ಕಣೆ!" ಎಂದು ಕುಣಿದಾಡಿದ. ಈ ತಿಂಗಳು ಎರಡು ಸಲ ಅದು ಅರ್ಧಕ್ಕೇ ಸಿಕ್ಕಿಕೊಂಡು, ಬೇರೆಯವರು ದೋಣಿಯನ್ನು ಎಳೆದು ತಂದರು. ಅವಳ ಜೀವ ಬಾಯಿಗೆ ಬಂದಿತ್ತು.

"ಇನ್ನೊಂದ್ಸಲ ಹೀಗಾದ್ರೆ ದೋಣಿ ಮಾರೋದೇ. ಇವತ್ತು ನಾನೂ ಬರ್ತೀನಿ," ಎಂದು ಪಟ್ಟು ಹಿಡಿದು ಹತ್ತಿದಳು. "ಮಾತು ಕೊಟ್ಟೆ, ಬಾ. ಆದ್ರೆ ಏನೂ ಮುಟ್ಬೇಡ," ಎಂದ.

ಮಧ್ಯಾಹ್ನ ಗಾಳಿ ಜೋರಾಯಿತು. ಕಪ್ತಾನ ಹಗ್ಗ ಎಳೆದ. ಹಾಯಿ ಅರ್ಧ ಸುತ್ತಿ ನಿಂತೇಬಿಟ್ಟಿತು. ಅವನು ಹಗ್ಗವನ್ನು ಬಿಗಿದೆಳೆಯುವ ರಾಟೆಯಾದ ವಿಂಚಿಗೆ ಹಾಕಿ, ಹಲ್ಲು ಕಚ್ಚಿ ಹಿಡಿ ತಿರುಗಿಸತೊಡಗಿದ.

"ನಿಲ್ಸಿ ರೀ! ಸಿಕ್ಕಾಗಿರೋದನ್ನ ಎಳೆದ್ರೆ ಹರಿಯುತ್ತೆ ಅಷ್ಟೇ!"

ತೆವಳಿಕೊಂಡು ಮುಂದೆ ಹೋಗಿ ನೋಡಿದಳು. ಉರುಳೆಯ ಮೇಲೆ ಹಗ್ಗ ಸಡಿಲವಾಗಿ ಬಿದ್ದು, ಒಂದು ಸುತ್ತು ಉಳಿದವುಗಳ ಕೆಳಗೆ ಹೂತುಹೋಗಿತ್ತು. ಅಯ್ಯೋ, ಇದು ಹೊಲಿಗೆ ಯಂತ್ರದ ಬಾಬಿನ್ನೇ ಅಲ್ಲವೇ! ದಾರವನ್ನು ಬೆರಳಲ್ಲಿ ಬಿಗಿ ಹಿಡಿಯದೆ ಸುತ್ತಿದ ಬಾಬಿನ್ ಸಿಕ್ಕಾಗುವುದು ಹೀಗೆಯೇ.

"ಹಾಯಿ ಬಿಚ್ಚೋವಾಗ ತಾನೇ ಈ ಹಗ್ಗ ಇಲ್ಲಿ ಸುತ್ಕೊಳ್ಳೋದು? ಆಗ ಇದನ್ನ ಬಿಗಿಯಾಗಿ ಹಿಡಿದಿದ್ದು ಯಾರು?"

ಕಪ್ತಾನ ತಲೆ ತಗ್ಗಿಸಿದ. ಹಾಯಿ ಸುತ್ತಲು ಒಂದು ಕೈ ಸಾಕು. ಬಿಚ್ಚಲು ಎರಡು ಬೇಕು, ಹಾಯಿ ಎಳೆಯಲು ಒಂದು, ಈ ಹಗ್ಗ ತಡೆಹಿಡಿಯಲು ಇನ್ನೊಂದು. ಅದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು.

"ಯಾರೂ ಇಲ್ಲ. ನಿನ್ನ ಕೇಳೋಕೆ ನಾಚಿಕೆ ಆಯ್ತು."

ಅವಳಿಗೆ ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು. ಅವನಿಂದ ಹಗ್ಗ ಸಡಿಲ ಬಿಡಿಸಿ, ಹೂತ ಸುತ್ತನ್ನು ಬೆರಳುಗಳಿಂದಲೇ ಬಿಡಿಸಿದಳು. "ಈಗ ಎಳೀರಿ, ನಿಧಾನ." ಹಾಯಿ ಪೂರ್ತಿ ಸುತ್ತಿಕೊಂಡಿತು.

ದಡ ಸೇರಿದ ಮೇಲೆ ಕಪ್ತಾನ ದೋಣಿಯ ಕೀಲಿಯನ್ನು ಅವಳ ಮುಂದೆ ಹಿಡಿದ. "ಮಾತು ಅಂದ್ರೆ ಮಾತು. ಮಾರಿಬಿಡು. ಒಂಟಿ ಕೈಯವನಿಗೆ ಇದಾಗಲ್ಲ," ಎಂದ.

"ಮಾರ್ಬೇಕಂತೆ, ಮಾರೋದು! ನಾಳೆ ಬೆಳಿಗ್ಗೆ ಹತ್ತಕ್ಕೇ ಅಂಗಡಿ ಮುಚ್ಚಿ ಬರ್ತೀನಿ. ನೀವು ಹಾಯಿ ಎಳೀರಿ, ಹಗ್ಗ ನಾನು ಹಿಡ್ಕೋತೀನಿ," ಎಂದಳು.