ಖಾತೂನ್‌ಬೀಯ ಶಾಬಾಸ್‌ಗಿರಿ

ಮಸ್ಕಿಯ ಗುಡ್ಡದ ಮೇಲೆ ಇನ್ನೂ ಬಿಸಿಲು ಬಿದ್ದಿಲ್ಲ. ಶಾಲೆಯ ಅಂಗಳದಲ್ಲಿ ಖಾತೂನ್‌ಬೀಯ ಪೊರಕೆ ಆಗಲೇ ಸದ್ದು ಮಾಡುತ್ತಿದೆ. ಕಸ ಗುಡಿಸಿ, ನೀರು ಚಿಮುಕಿಸಿ, ಬೇವಿನ ಮರಕ್ಕೆ ನೇತುಹಾಕಿದ ರೈಲು ಕಂಬಿಯ ತುಂಡನ್ನು ಸೆರಗಿನಿಂದ ಒರೆಸುತ್ತಾಳೆ. ಶಾಲೆಯ ಗಂಟೆಯೆಂದರೆ ಇದೇ. ಬಾರಿಸುವ ಸುತ್ತಿಗೆ ಸದಾ ಆಕೆಯ ಸೊಂಟದಲ್ಲಿ. ಖಜಾನೆಯ ಕೀಲಿ ಸಿಕ್ಕಿಸಿಕೊಂಡವರಿಗೂ ಅಷ್ಟು ಗತ್ತು ಇರಲಿಕ್ಕಿಲ್ಲ.

ಗಂಡ ಹುಸೇನಬಾಷಾ ಇಲ್ಲಿಯೇ ಜವಾನನಾಗಿದ್ದ. ಆತ ತೀರಿಕೊಂಡ ಮೇಲೆ ಕೆಲಸ ಈಕೆಗೆ ಬಂತು. ಅದೇ ಹೊತ್ತಿಗೆ ನಿಜಾಮರ ಆಳ್ವಿಕೆಯೂ ಮುಗಿದು, ಉರ್ದು ಓದಿಸುತ್ತಿದ್ದ ಶಾಲೆಯಲ್ಲಿ ಕನ್ನಡ ಶುರುವಾಯಿತು. ಪುಸ್ತಕ ಬದಲಾದವು, ಮಾಸ್ತರರೂ ಬದಲಾದರು. ಉಳಿದದ್ದು ಮಾಸ್ತರರ ಬೆತ್ತ ಮತ್ತು ಖಾತೂನ್‌ಬೀಯ ‘ಶಾಬಾಸ್’.

ಯಾರೂ ಹೇಳದೆ ಒಳ್ಳೆಯ ಕೆಲಸ ಮಾಡಿದ ಮಗುವನ್ನು ಕರೆದು, ಎಲ್ಲರಿಗೂ ಕೇಳುವಂತೆ ಶಾಬಾಸ್ ಎಂದು ಸುತ್ತಿಗೆ ಕೊಡುವುದು ಆಕೆಯ ಪದ್ಧತಿ. ಮುಂದಿನ ಗಂಟೆ ಆ ಮಗುವಿನದು. ಅದಕ್ಕಾಗಿ ಹುಡುಗರು ಚಪ್ಪಲಿ ಸಾಲಾಗಿ ಬಿಡುತ್ತಾರೆ, ಸಣ್ಣವರಿಗೆ ಮೊದಲು ನೀರು ಕೊಡುತ್ತಾರೆ, ಬಾಯಿಗೆ ಬಂದ ಬೈಗುಳ ನುಂಗಿಕೊಳ್ಳುತ್ತಾರೆ.

“ಹೊಡದ್ರ ಮಕ್ಕಳು ನಮ್ಮ ಕೈ ನೋಡ್ತಾವರಿ, ಶಾಬಾಸ್ ಅಂದ್ರ ಮಾರಿ ನೋಡ್ತಾವ,” ಎನ್ನುತ್ತಾಳೆ.

ಹೋದ ವರ್ಷ ಈ ಪದ್ಧತಿಯೇ ನಿಲ್ಲುವುದರಲ್ಲಿತ್ತು. ನಾಲ್ಕನೆಯ ತರಗತಿಯ ವೀರಭದ್ರಮ್ಮ ಸಿಕ್ಕವರನ್ನು ಗುದ್ದುವ ಹುಡುಗಿ. ಇನ್ನೊಂದು ತಕರಾರು ಬಂದರೆ ಹೆಸರು ಹೊಡೆದುಹಾಕುವುದಾಗಿ ಹೆಡ್‌ಮಾಸ್ತರ ಕರಿಬಸಯ್ಯನವರು ಹೇಳಿಯಾಗಿತ್ತು. ಒಂದು ಬೆಳಿಗ್ಗೆ ಆಕೆ ಒಂದನೆಯ ತರಗತಿಯ ಹುಡುಗನ ಮೇಲೆ ಕೊಡ ನೀರು ಸುರಿದು, ತನ್ನ ಮೇಲೂ ಸುರಿದುಕೊಂಡಳು. ನೋಡಿದವರಿಗೆ ಅದು ಪುಂಡಾಟಿಕೆ. ಖಾತೂನ್‌ಬೀಗೆ ಮಾತ್ರ ಗೊತ್ತು, ನೀರು ಬೀಳುವ ಮೊದಲೇ ಆ ಕೂಸು ಚಡ್ಡಿ ಒದ್ದೆ ಮಾಡಿಕೊಂಡು ಅಳುತ್ತ ನಿಂತಿತ್ತು. ಆ ಕೂಸಿನ ಹೆಸರನ್ನು ಆಕೆ ಇವತ್ತಿಗೂ ಹೇಳಿಲ್ಲ.

“ಕೂಸಿನ ಮಾನ ಉಳಿಸ್ಯಾಳರಿ. ಇವತ್ತ ಸುತ್ತಿಗಿ ಆಕೀಗೇ,” ಎಂದು ಹೆಡ್‌ಮಾಸ್ತರರ ಕಿವಿಯಲ್ಲಿ ಹೇಳಿದಳು.

“ಹೆಚ್ಚುಕಡಿಮಿ ಆದ್ರ ಆಕೀ ಹೆಸರೂ ಇರಂಗಿಲ್ಲ, ನಿನ್ನ ಶಾಬಾಸೂ ಇರಂಗಿಲ್ಲ,” ಎಂದರು ಅವರು.

ಮಧ್ಯಾಹ್ನದ ಬಿಡುವಿಗೆ ಎರಡೇಟು ಸಾಕು. ಒಂದೇ ಸಮನೆ ಬಾರಿಸಿದರೆ ಶಾಲೆ ಬಿಟ್ಟಿತೆಂದು ಅರ್ಥ. ಮೊದಲ ಸಲ ಶಾಬಾಸ್ ಕೇಳಿದ ಹುಡುಗಿಗೆ ಕೈ ನಿಲ್ಲಲೇ ಇಲ್ಲ. ಕೇಳಬೇಕೆ? ಪಾಟಿಚೀಲ ಹೆಗಲಿಗೇರಿಸಿ ಇಡೀ ಶಾಲೆ ಮನೆಗೆ ಓಡಿತು. ಸುತ್ತಿಗೆ ಬಿಸಾಕಿ ವೀರಭದ್ರಮ್ಮನೂ ಓಡಿದಳು.

“ಆತಲ್ಲ ನಿನ್ನ ಶಾಬಾಸ್!” ಕರಿಬಸಯ್ಯನವರು ಕೆಂಡವಾದರು. ಖಾತೂನ್‌ಬೀ ಸುತ್ತಿಗೆ ಎತ್ತಿಕೊಂಡು ಬೇವಿನ ಬುಡದಲ್ಲಿ ಕುಳಿತಳು.

ಸ್ವಲ್ಪ ಹೊತ್ತಿಗೆ ಬಜಾರಿನ ಕಡೆಯಿಂದ ಗದ್ದಲ. ಮುಂದೆ ವೀರಭದ್ರಮ್ಮ, ಹಿಂದೆ ಮಕ್ಕಳ ದಂಡು. “ತಪ್ಪು ನಂದಲೇ! ಸಾಲಿ ಬಿಟ್ಟಿಲ್ಲ, ನಡೀರಿ!” ಎಂದು ಓಣಿ ಓಣಿ ತಿರುಗಿ, ಯಾರಿಗೂ ಗುದ್ದದೆ, ಎಲ್ಲರನ್ನೂ ಕರೆತಂದಿದ್ದಳು. ಬೆತ್ತ ಹಿಡಿದು ಹೋಗಿದ್ದರೆ ಒಬ್ಬರೂ ಸಿಗುತ್ತಿರಲಿಲ್ಲ.

ಹುಡುಗಿಯ ಹೆಸರು ಉಳಿಯಿತು. ಸಂಜೆ ಶಾಲೆ ಬಿಡುವ ಹೊತ್ತಿಗೆ ಕರಿಬಸಯ್ಯನವರು ಕೈಚಾಚಿ ಸುತ್ತಿಗೆ ಕೇಳಿದರು. ಇನ್ನು ತನ್ನ ಪದ್ಧತಿ ಮುಗಿಯಿತೆಂದೇ ಖಾತೂನ್‌ಬೀ ಅದನ್ನು ಕೊಟ್ಟಳು. ಅವರು ಎಲ್ಲ ಮಕ್ಕಳ ಎದುರಿಗೆ ಅದನ್ನು ತಿರುಗಿ ಆಕೆಯ ಕೈಗಿಟ್ಟು, “ಶಾಬಾಸ್, ಖಾತೂನ್‌ಬೀ. ಈ ಗಂಟಿ ನಿಂದು,” ಎಂದರು.

ಇದನ್ನು ಹೇಳುವಾಗ ಆಕೆ ಪೊರಕೆ ಬಿಟ್ಟು ನೆಟ್ಟಗೆ ನಿಲ್ಲುತ್ತಾಳೆ.

“ದಿನಾ ಹೊಡ್ಯೋದು ನೌಕರೀರಿ. ಅವತ್ತಿಂದು ನನ್ನ ಗಂಟಿ. ಆ ಹುಡಿಗೀದು ಬಿಡ್ರಿ, ನನಗೂ ಕೈ ನಿಂದ್ರಲಿಲ್ಲ.”