ಚರ್ಮದ ಡಾಕ್ಟರಿಗೆ ತೋರಿಸಲು ಎಂಟು ತಿಂಗಳು

ಬೈಕಿನ ಸೈಲೆನ್ಸರ್ ತಗುಲಿ ನಮ್ಮ ಯಜಮಾನರ ಮೀನಖಂಡದ ಮೇಲೆ ದೊಡ್ಡ ಬೊಬ್ಬೆ ಎದ್ದಿತ್ತು. ಅವರು ಕೈತೊಳೆದು ಊಟಕ್ಕೆ ಕೂತರು.

"ಕಾಲು ಸುಟ್ಟೈತಲ್ರೀ!" ಅಂದೆ.

"ಎಲ್ಲಿ?" ಅಂದರು.

ಬೊಬ್ಬೆ ಎದ್ದ ಜಾಗದಲ್ಲಿ ಮೊದಲೇ ಒಂದು ಮಾಸಲು ಮಚ್ಚೆ ಇತ್ತು. ಅಲ್ಲಿನ ಕೂದಲೂ ಉದುರಿತ್ತು. ಚರ್ಮದ ಡಾಕ್ಟರಿಗೆ ತೋರಿಸಿ ಎಂದು ಎಂಟು ತಿಂಗಳಿಂದ ಬಡಕೊಳ್ಳುತ್ತಿದ್ದೆ. ನಾನು ಹೊಂಗನೂರಿನಲ್ಲಿ ಅಂಗನವಾಡಿ ಕಾರ್ಯಕರ್ತೆ. ಊರಿನ ಹೆಂಗಸರು ನನ್ನ ಮಾತು ಕೇಳಿ ಮಕ್ಕಳಿಗೆ ಚುಚ್ಚುಮದ್ದು ಹಾಕಿಸುತ್ತಾರೆ. ಮನೆಯಲ್ಲಿ ಮಾತ್ರ ನನ್ನ ಮಾತು ಗೋಡೆಗೆ ಹೇಳಿದ ಹಾಗೆ. ಅತ್ತೆ "ಜೇಡ ಉಚ್ಚೆ ಹುಯ್ದೈತೆ" ಎಂದು ಅರಿಶಿನ ಹಚ್ಚಿದರು. ಮೆಡಿಕಲ್ ಸ್ಟೋರಿನವನು ಹುಳುಕಡ್ಡಿ ಎಂದು ಟ್ಯೂಬ್ ಕೊಟ್ಟ. ಇವರದು ಒಂದೇ ಮಾತು: ನೋವಿಲ್ಲ, ತುರಿಕೆಯಿಲ್ಲ, ಡಾಕ್ಟರ್ ಯಾಕೆ?

ಮಾರನೆಯ ದಿನ ಚನ್ನಪಟ್ಟಣಕ್ಕೆ ಎಳೆದುಕೊಂಡು ಹೋದೆ.

"ಷರ್ಟು, ಬನಿಯನ್ ತೆಗೀರಿ" ಅಂದರು ಡಾಕ್ಟರಮ್ಮ.

"ಸುಟ್ಟಿರೋದು ಕಾಲು, ಮೇಡಂ."

"ಚರ್ಮ ಕಾಲಲ್ಲಿ ಮಾತ್ರ ಇರುತ್ತಾ?"

ಎಲ್ಲ ನನ್ನದೇ ಪಿತೂರಿ ಎಂಬಂತೆ ಯಜಮಾನರು ನನ್ನನ್ನು ದುರುಗುಟ್ಟಿ ನೋಡಿದರು. ಡಾಕ್ಟರಮ್ಮ ತಲೆ, ಕಿವಿಯ ಹಿಂದೆ, ಉಗುರು, ಬೆರಳಸಂದಿ, ಬೆನ್ನು ಎಲ್ಲವನ್ನೂ ಟಾರ್ಚ್ ಹಿಡಿದು ನೋಡಿದರು. ಬೆನ್ನಿನಲ್ಲಿ ಇನ್ನೂ ಎರಡು ಮಚ್ಚೆ. ಮೊಣಕೈ, ಮಂಡಿಯ ಹತ್ತಿರ ನರ ಒತ್ತಿ ನೋಡಿದರು. ಆಮೇಲೆ ಹತ್ತಿಯ ಎಳೆ ತೆಗೆದುಕೊಂಡರು. ಕಣ್ಣು ಮುಚ್ಚಿ, ಮುಟ್ಟಿದ ಕಡೆ ಬೆರಳಿಟ್ಟು ತೋರಿಸಿ ಎಂದರು. ಕೈ ಮುಟ್ಟಿದಾಗ ಇವರು ತೋರಿಸಿದರು, ಭುಜ ತೋರಿಸಿದರು. ಮಚ್ಚೆಗೆ ಬಂದಾಗ ಸುಮ್ಮನೆ ಕೂತರು. ಸ್ವಲ್ಪ ಹೊತ್ತು ಬಿಟ್ಟು, "ಮುಟ್ಟಿ ಮೇಡಂ" ಅಂದರು.

ಡಾಕ್ಟರಮ್ಮ ಆಗಲೇ ಮೂರು ಸಲ ಮುಟ್ಟಿದ್ದರು.

"ಕುಷ್ಠ" ಅಂದರು, ದನಿ ತಗ್ಗಿಸದೆ. "ಗಾಬರಿ ಬೇಡ, ಬೇಗ ಬಂದಿದ್ದೀರಿ."

ಬೇಗ! ಅಳುವ ಹೊತ್ತಿನಲ್ಲೂ ನನಗೆ ಮೈ ಉರಿಯಿತು.

ಆರು ತಿಂಗಳು ಎಂಡಿಟಿ ಎಂಬ, ಹಲವು ಔಷಧಿ ಸೇರಿದ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮಾತ್ರೆ ಶುರುವಾದ ಮೇಲೆ ಬೇರೆಯವರಿಗೆ ಹರಡುವ ಭಯವಿಲ್ಲ. ಮನೆಯವರೆಲ್ಲ ಚೆಕಪ್ ಮಾಡಿಸಬೇಕು. "ನೀವೂ ಈಗಲೇ ಬನ್ನಿ" ಅಂದರು.

"ನಂಗೇನೂ ಆಗಿಲ್ಲ ಮೇಡಂ" ಎಂದುಬಿಟ್ಟೆ. ಯಜಮಾನರು ಬನಿಯನ್ ಹಾಕಿಕೊಳ್ಳುತ್ತಿದ್ದವರು ತಿರುಗಿ ನೋಡಿದರು. ಪರದೆಯ ಹಿಂದೆ ಹೋದೆ. ನನಗೇನೂ ಇರಲಿಲ್ಲ. ಆಮೇಲೆ ಕರೆತಂದು ತೋರಿಸಿದಾಗ ಅತ್ತೆಗೂ ಇರಲಿಲ್ಲ.

ಮನೆಯಲ್ಲಿ ಅತ್ತೆ ಯಜಮಾನರ ತಟ್ಟೆ ಬೇರೆ ಇಟ್ಟರು. "ನಂಗೂ ಅದರಲ್ಲೇ ಬಡಿಸಿ" ಅಂದೆ. ಬಡಿಸಲಿಲ್ಲ, ಆದರೆ ತಟ್ಟೆಯನ್ನು ತೊಳೆದು ಎಲ್ಲದರ ಜೊತೆಗೇ ಕವುಚಿದರು.

ಮಾತ್ರೆಗೆ ಮೂತ್ರ ಕೆಂಪಾಯಿತು, ಮುಖ ಕಪ್ಪಾಯಿತು. "ನಾಳಿಂದ ಬುಟ್ಬುಡ್ತೀನಿ ಕಣೆ" ಎಂದು ದಿನಾ ಗೊಣಗಾಟ. "ಇವತ್ತಿಂದು ನುಂಗಿ" ಎಂದು ದಿನಾ ನನ್ನ ಕೂಗಾಟ. ಅಂತೂ ಕೋರ್ಸ್ ಮುಗಿಯಿತು. ಮಚ್ಚೆ ಮಸುಕಾಗಿದೆ. ಬೆನ್ನಿನಲ್ಲಿ ಸ್ಪರ್ಶ ತಿಳಿಯುತ್ತದೆ. ಕಾಲಿನಲ್ಲಿ ಇನ್ನೂ ಇಲ್ಲ, ಬಾರದೆಯೂ ಇರಬಹುದಂತೆ. ದಿನವೂ ಕಾಲು ನೋಡಿಕೊಳ್ಳಬೇಕು.

ಹೋದ ವಾರ ಅವರು ತಾವು ಕೆಲಸ ಮಾಡುವ ಹಾರೋಹಳ್ಳಿ ಫ್ಯಾಕ್ಟರಿಯ ಜೊತೆಗಾರನಿಗೆ ಫೋನಿನಲ್ಲಿ ರೇಗುತ್ತಿದ್ದರು. ಅವನ ತೋಳಿನಲ್ಲೊಂದು ಮಚ್ಚೆ ಕಂಡಿದ್ದರಂತೆ.

"ನಂಗೂ ಅದೇ ಆಗಿತ್ತು ಕಣ್ಲಾ. ಸುಮ್ಕಿರಬ್ಯಾಡ. ಸೋಮವಾರ ಒಸಿ ಬಿಡುವು ಮಾಡ್ಕೊ, ನಾನೂ ಬತ್ತೀನಿ."

ಆ ಕಾಯಿಲೆಯ ವಿಷಯ ಅವರು ಹೊರಗಿನವರಿಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸೋಮವಾರ ಇಬ್ಬರೂ ಹೋಗಿ ಬಂದರು.