ಕರಜಗಿಯ ಹೊಲದಲ್ಲಿ ಏರಿಯಲ್ ಕಟ್ಟಿದ್ದು

ನನಗೆ ಮೊದಲಿಂದಲೂ ಅಂಜಿಕೆ ಜಾಸ್ತಿ. ಹಲ್ಲಿ ಕಂಡರೂ ಹೌಹಾರುತ್ತೇನೆ. ಆದರೆ ಕೈಗೆ ತಂತಿ, ಇಕ್ಕಳ, ಬೆಸುಗೆಯ ಕಡ್ಡಿ ಸಿಕ್ಕರೆ ಸಾಕು, ಎಲ್ಲಿಲ್ಲದ ಧೈರ್ಯ ಬಂದುಬಿಡುತ್ತದೆ. ಆ ಧೈರ್ಯ ಒಂದು ಭಾನುವಾರ ನನ್ನ ಅಕ್ಕನ ಜೀವಕ್ಕೇ ಬಂದಿತ್ತು.

ನಾನು ನೆಲೋಗಿಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಉಳಿದ ಹೊತ್ತು ಹ್ಯಾಮ್ ರೇಡಿಯೊ. ಪರೀಕ್ಷೆ ಬರೆದು ಲೈಸೆನ್ಸ್ ಪಡೆದಿದ್ದೇನೆ, ರಿಸೀವರನ್ನು ನನ್ನ ಕೈಯಾರೆ ಕಟ್ಟಿದ್ದೇನೆ. ಮೊಬೈಲು ಇದ್ದೂ ಗುರುತು ಪರಿಚಯವಿಲ್ಲದವರ ದನಿಯನ್ನು ಗಾಳಿಯಲ್ಲಿ ಹುಡುಕುವ ಹುಚ್ಚು ಯಾಕೆ ಎಂದು ಜೊತೆಯ ಶಿಕ್ಷಕರು ನಗುತ್ತಾರೆ. ನಗಲಿ. ನನ್ನ ಜಗಳ ಅವರ ಜೊತೆಗಲ್ಲ, ಊರೊಳಗಿನ ಕರೆಂಟಿನ ಜೊತೆಗೆ. ಮಿಕ್ಸರು, ಎಲ್‌ಇಡಿ ದೀಪ, ಮೊಬೈಲ್ ಚಾರ್ಜರು ಎಲ್ಲ ಸೇರಿ ರೇಡಿಯೊದಲ್ಲಿ ಗುಂಯ್ ಎನ್ನುತ್ತವೆ. ದೂರದ ಸಣ್ಣ ದನಿ ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ.

ಅದಕ್ಕೇ ಕರಜಗಿಯಲ್ಲಿರುವ ಅಕ್ಕನ ಹೊಲದ ಮೇಲೆ ಕಣ್ಣು ಹಾಕಿದ್ದೆ. ಅಲ್ಲಿ ಪಂಪ್‌ಸೆಟ್ಟಿನ ಕರೆಂಟು ಪಾಳಿಯ ಮೇಲೆ ಬರುತ್ತದೆ. ಒಂದು ವಾರ ಬೆಳಗ್ಗೆ, ಮತ್ತೊಂದು ವಾರ ಮಧ್ಯಾಹ್ನ. ಪಾಳಿ ಇಲ್ಲದ ಹೊತ್ತಿನಲ್ಲಿ ತಂತಿ ಸತ್ತ ಹಾಗೆ ಎಂದು ಅಲ್ಲಿಯವರ ಲೆಕ್ಕ. ಅದರ ಮೇಲೆ ಬಟ್ಟೆ ಒಣಹಾಕುವುದೊಂದು ಬಾಕಿ. ನನಗೂ ಅದೇ ರೂಢಿಯಾಗಿತ್ತು. ಸುತ್ತ ಕರೆಂಟಿಲ್ಲದಿದ್ದರೆ ರೇಡಿಯೊ ಎಷ್ಟು ಚೊಕ್ಕ ಕೇಳುತ್ತದೆ ಎಂಬ ಆಸೆ ಬೇರೆ. ಮೂರು ದಿನ ಮೊದಲು ಫೋನಿನಲ್ಲಿ ಕೇಳಿದಾಗ ಅಕ್ಕ, "ಈಗ ಮಧ್ಯಾಹ್ನದ ಪಾಳಿ ಐತಿ" ಎಂದಿದ್ದಳು. ನಾನು ಬೆಳಗ್ಗೆ ಹತ್ತಕ್ಕೇ ಹೋಗಿಬಿಟ್ಟೆ. ಆ ದಿನವೇ ಪಾಳಿ ಬದಲಾಗಿತ್ತು. ಮೋಟರು ಸುಟ್ಟು ರಿಪೇರಿಗೆಂದು ಅಫಜಲಪುರಕ್ಕೆ ಹೋಗಿದ್ದರಿಂದ ಅಕ್ಕ ಪಾಳಿಯ ಕಡೆ ಗಮನ ಕೊಟ್ಟಿರಲಿಲ್ಲ. ನಾನು ಮತ್ತೊಮ್ಮೆ ಕೇಳಲೂ ಇಲ್ಲ.

ಪಂಪಿನ ಖೋಲಿಯಿಂದ ಬದುವಿನ ತನಕ ದನಿ ಹಿಡಿಯುವ ಏರಿಯಲ್ಲಿನ ತಾಮ್ರದ ತಂತಿ ಎಳೆದು, ಅದರ ತುದಿಯನ್ನು ಉದ್ದನೆಯ ಬಿದಿರಿನ ತಲೆಗೆ ಕಟ್ಟಿದೆವು. ಉಳಿದ ತಂತಿಯನ್ನು ಬಿದಿರಿಗೇ ಸುತ್ತಿ ಕೆಳಗೆ ಅಕ್ಕನ ಕೈಯವರೆಗೆ ತಂದಿದ್ದೆ. ಅವಳು ಬಿದಿರನ್ನು ನೆಟ್ಟಗೆ ನಿಲ್ಲಿಸಬೇಕು, ನಾನು ಖೋಲಿಯಲ್ಲಿ ರೇಡಿಯೊ ಹಚ್ಚಿಕೊಂಡು ಕೇಳಬೇಕು, ಇದು ನನ್ನ ಏರ್ಪಾಡು. ಬದುವಿನ ಮೇಲೆ ಪಂಪ್‌ಸೆಟ್ಟಿನ ತಂತಿಗಳು ಜೋತುಬಿದ್ದಿದ್ದವು. ಕರೆಂಟಿನ ತಂತಿಯ ಹತ್ತಿರ ಏರಿಯಲ್ ಕಟ್ಟಬಾರದು ಎಂಬುದು ಈ ಹವ್ಯಾಸದ ಮೊದಲನೆಯ ಪಾಠ. ಪರೀಕ್ಷೆಗೆ ಓದಿ, ಪಾಸೂ ಆದವಳು ನಾನು.

"ಮ್ಯಾಲಿನ ತಂತಿಗಿ ತಾಗಿದ್ರ ಏನಾಕತಿ ಬೇ?" ಎಂದು ಅಕ್ಕ ಕೇಳಿದಳು.

"ಕರೆಂಟ್ ಇಲ್ಲಲ್ಲಕ್ಕಾ, ಏನೂ ಆಗಂಗಿಲ್ಲ" ಎಂದು ನಕ್ಕೆ.

ಖೋಲಿಗೆ ಹೋಗಿ ಇಯರ್‌ಫೋನ್ ಹಾಕಿಕೊಂಡೆ. ಎಂಥ ನಿಶ್ಶಬ್ದ ಅದು. ಮಳೆ ನಿಂತ ಮೇಲಿನ ಬಯಲಿನ ಹಾಗಿತ್ತು. ಯಾರೋ ಒಬ್ಬರು ಬಹಳ ದೂರದಿಂದ ಮಾತಾಡುತ್ತಿದ್ದರು. ಬಿದಿರು ಏಳುತ್ತ ಬಂದ ಹಾಗೆ ಆ ದನಿ ತಿಳಿಯಾಗುತ್ತ ಬಂತು, ನಾನು ಹಿಗ್ಗಿದೆ. ಅಷ್ಟರಲ್ಲಿ ಕಿವಿಯ ತುಂಬ ಗುಂಯ್ ಎಂದಿತು.

ಆ ಸದ್ದು ನನಗೆ ಹೊಸದಲ್ಲ. ನೆಲೋಗಿಯ ನನ್ನ ಕೋಣೆಯಲ್ಲಿ ದಿನವೂ ಬೈದುಕೊಂಡು ಕೇಳುವ ಸದ್ದೇ. ಅದು ಕರೆಂಟು ಬಂದ ಸದ್ದು.

ಇಯರ್‌ಫೋನ್ ಕಿತ್ತೆಸೆದು ಹೊರಗೆ ಓಡಿದೆ. ಅಕ್ಕ ಬೆನ್ನು ಮಾಡಿ ನಿಂತಿದ್ದಳು, ಬಿದಿರು ಮುಕ್ಕಾಲು ಎದ್ದಿತ್ತು, ಅದರ ತಲೆ ಮೇಲಿನ ತಂತಿಗೆ ಒಂದು ಮೊಳ ದೂರದಲ್ಲಿತ್ತು. "ಅಕ್ಕಾ, ಬಿಡು! ಬಿಡು!" ಎಂದು ಒದರಿದೆ. ಗಾಳಿ ಎದುರಿನಿಂದ ಬೀಸುತ್ತಿತ್ತು. ನೇಗಿಲು ಹೊಡೆದ ಹೆಂಟೆಗಳಲ್ಲಿ ಕಾಲು ಹೂತು ಎರಡು ಸಲ ಬಿದ್ದೆ. ಅಷ್ಟು ಅಂಜಿದ್ದು ಅದಕ್ಕಿಂತ ಮುಂಚೆ ಇಲ್ಲ, ಆಮೇಲೂ ಇಲ್ಲ. ಅವಳ ಮಕ್ಕಳ ಮುಖ ಕಣ್ಣಮುಂದೆ ಬಂತು, ಮುಂದೆ ನಾನು ಅವರಿಗೆ ಏನು ಹೇಳಲಿ ಎಂಬುದೂ ಬಂತು.

ಅವಳು ಬಿದಿರನ್ನು ಬಿಟ್ಟಳು. ಎರಡೂ ಕೈಯನ್ನು ತಲೆಗೆ ಒಯ್ದು ಹಿಂದೆ ಸರಿದಳು. ಬಿದಿರು ವಾಲಿತು, ತಾಮ್ರ ಮೇಲಿನ ತಂತಿಗೆ ಬಡಿಯಿತು, ಛಟಾರ್ ಎಂದು ನೀಲಿ ಬೆಂಕಿ ಹಾರಿತು. ಖೋಲಿಯಿಂದ ಹೊಗೆ ಬಂತು. ನನ್ನ ರೇಡಿಯೊ ಸುಟ್ಟಿತ್ತು. ಸುಟ್ಟು ಬೂದಿಯಾಗಲಿ ಎಂದುಕೊಂಡೆ.

ಬದುವಿನ ಆ ಕಡೆಯಿಂದ ಅಕ್ಕನ ಗಂಡನ ಅಣ್ಣ, ತಲೆಯ ಮೇಲೆ ಮೇವಿನ ಹೊರೆ ಹೊತ್ತವರು, ಹೊರೆ ಒಗೆದು ಓಡಿ ಬಂದರು. "ಯಾರಿಗಿ ಏನಾತ್ರಿ?" ಎಂದರು. ಯಾರಿಗೂ ಏನೂ ಆಗಿರಲಿಲ್ಲ. ಅವರು ಮೊದಲು ಹೋಗಿ ಟ್ರಾನ್ಸ್‌ಫಾರ್ಮರಿನ ಹತ್ತಿರ ಕರೆಂಟು ತೆಗೆಸಿ ಬಂದರು, ನಂತರ ನನ್ನನ್ನು ಬೈದರು. ಎಷ್ಟು ಬೈದರೂ ಕಡಿಮೆಯೇ.

ಮನೆಗೆ ಬಂದು ಚಹಾ ಕುಡಿಯುವಾಗ, "ನಾ ಒದರಿದ್ದು ನಿನಗ ಕೇಳಿಸ್ತಲ್ಲ, ಪುಣ್ಯಾ" ಎಂದೆ.

"ನೀ ಒದರಿದ್ದಿ ಏನು?" ಎಂದಳು ಅಕ್ಕ. "ನನಗೇನೂ ಕೇಳಿಸಿದ್ದಿಲ್ಲ. ಭಾವ ಬರಾಕತ್ತಿದ್ರು. ಸೆರಗು ಜಾರಿತ್ತು, ಹೊತ್ಗೊಳ್ಳಾಕ ಕೈ ಬಿಟ್ಟೆ, ಅಷ್ಟ."

ನನ್ನ ಕೂಗು, ನನ್ನ ಓಟ, ನನ್ನ ವಿಜ್ಞಾನ, ಯಾವುದೂ ಅವಳನ್ನು ಮುಟ್ಟಿರಲಿಲ್ಲ. ಭಾವನ ಮುಂದೆ ತಲೆ ಮುಚ್ಚಿಕೊಳ್ಳುವ ರೂಢಿ ಇಲ್ಲದಿದ್ದರೆ, ಅಥವಾ ಅವರು ಒಂದೆರಡು ಹೆಜ್ಜೆ ನಿಧಾನ ನಡೆದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಪೂರ್ತಿ ಯೋಚಿಸಲಾರೆ. ಅವಳ ಮುಂದೆ ನನಗೆ ಏನನ್ನೂ ಮುಚ್ಚಿಡಲಾಗಲಿಲ್ಲ. ಬಿದಿರು ಬಿಡದೆ ಇದ್ದಿದ್ದರೆ ಅವಳು ಉಳಿಯುತ್ತಿರಲಿಲ್ಲ ಎಂದು ಹೇಳಿಬಿಟ್ಟೆ.

ಅಕ್ಕ ಚಹಾದ ಬಸಿ ಕೆಳಗಿಟ್ಟಳು. ಆಮೇಲೆ, "ಮತ್ತ ನೀ ನನ್ನ ಕಡಿ ಯಾಕ ಓಡಿ ಬರಾಕತ್ತಿದ್ದಿ?" ಎಂದಳು.

"ನಿನ್ನ ಹಿಡಿದು ಎಳೀಬೇಕಂತ."

"ಬರಿಗೈಲೆ?"

ಕರೆಂಟು ಹೊಡೆದವರನ್ನು ಬರಿಗೈಯಲ್ಲಿ ಮುಟ್ಟಬಾರದು, ಮುಟ್ಟಿದವರೂ ಉಳಿಯುವುದಿಲ್ಲ, ಒಣ ಕಟ್ಟಿಗೆಯಿಂದ ದೂಡಬೇಕು. ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುತ್ತೇನೆ.

"ಹೌದು" ಎಂದೆ.

ಅಕ್ಕ ಅಲ್ಲಿಯವರೆಗೆ ಅತ್ತಿರಲಿಲ್ಲ. ಆಗ ಅತ್ತಳು.